ಸುಂಕದವನ ಮುಂದೆ ಮಿಲಿಮೀಟರ್ ಹೇಳಿ

ಪ್ರಿಯರೇ,

ಪುಣೆಯಿಂದ ನೀವು ಕಳಿಸಿದ ‘ರೀಲಿಗೂ ಬಿತ್ತು ಸುಂಕದ ಬರೆ’ ಲೇಖನವನ್ನು ನಮ್ಮ ಬಳಗದ ಇಬ್ಬರು ಪೂರ್ತಿ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಬರೆಯುವುದನ್ನು ಬಿಡಬೇಡಿ. ಮುಂಬೈ, ಠಾಣೆ, ಪುಣೆ, ಮಡಗಾಂವ್‌ಗಳಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮವರಿಗೂ ಕಲಾಶಾಲೆಯ ಹುಡುಗ ಹುಡುಗಿಯರಿಗೂ ಈ ವಿಷಯ ಬೇಕು. ಹೊರದೇಶದಿಂದ ಹತ್ತು ರೋಲ್ ತರಿಸಿ, ಕೊರಿಯರ್‌ನವನು ಕೊಟ್ಟ ಸುಂಕದ ಚೀಟಿ ಹಿಡಿದು ಕಂಗಾಲಾಗುವವರಿಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ.

ನಿಮ್ಮ ವಾದ ಇಷ್ಟು: ಆಮದಾದ ಫಿಲ್ಮ್ ಮೇಲೆ ಶೇ. 38 ಸುಂಕವಿದೆ, ಊಟಿಯ ಫಿಲ್ಮ್ ಕಾರ್ಖಾನೆಯನ್ನು ಕಾಪಾಡಲು ಅದನ್ನು ಹೇರಲಾಗಿದೆ, ಅಧಿಕಾರಿಗಳು ಯಾವ ರೋಲನ್ನು ಸುಂಕಪಟ್ಟಿಯ ಯಾವ ಶೀರ್ಷಿಕೆಗೆ ಹಾಕಬೇಕೆಂಬುದನ್ನು ಮನಬಂದಂತೆ ತೀರ್ಮಾನಿಸುತ್ತಾರೆ. ಮೂರೂ ಮಾತು ನಿಲ್ಲುವುದಿಲ್ಲ. ಮೂರನೆಯದರಿಂದಲೇ ಶುರು ಮಾಡೋಣ, ಏಕೆಂದರೆ ಲೇಖನದ ಜೀವ ಇರಬೇಕಾದದ್ದು ಅಲ್ಲಿ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯಿಂದ ನೀವು ಆರಂಭಿಸಿದ್ದೀರಿ. ಸುಂಕದವನು ಸುಖದುಃಖ ಕೇಳುವುದಿಲ್ಲ, ನಿಜ. ಆದರೆ ಅಳತೆ ಕೇಳುತ್ತಾನೆ, ಕೇಳಲೇಬೇಕು. ಸುಂಕಪಟ್ಟಿಯ 37ನೇ ಅಧ್ಯಾಯ ಫೋಟೊ ಮತ್ತು ಸಿನಿಮಾ ಸರಕಿನದು. ಅಲ್ಲಿ ಫಿಲ್ಮನ್ನು ಬ್ರ್ಯಾಂಡಿನಿಂದಾಗಲಿ ಐಎಸ್‌ಒ ವೇಗದಿಂದಾಗಲಿ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬ ಅಳತೆ) ಗುರುತಿಸುವುದಿಲ್ಲ. ಕೇಳುವ ಪ್ರಶ್ನೆಗಳು ಬೇರೆ. ಬೆಳಕು ಕಂಡಿದೆಯೋ ಇಲ್ಲವೋ? ಹಾಳೆಯೋ ರೋಲೋ? ಅಂಚಿನಲ್ಲಿ ತೂತುಗಳಿವೆಯೋ? ಬಣ್ಣದ್ದೋ ಅಲ್ಲವೋ? ಅಗಲ ಎಷ್ಟು, ಉದ್ದ ಎಷ್ಟು? ಇಷ್ಟಕ್ಕೆ ಉತ್ತರ ಸಿಕ್ಕರೆ ಸರಕಿನ ವರ್ಗ ಹೇಳುವ ಆರು ಅಂಕಿಯ ಸಂಖ್ಯೆ ತಾನಾಗಿ ಬರುತ್ತದೆ. ನಿಮ್ಮ ಲೇಖನದಲ್ಲಿ ಈ ಪ್ರಶ್ನೆಗಳಲ್ಲಿ ಒಂದೂ ಇಲ್ಲ. ಸಂಖ್ಯೆಗಳು ಮಾತ್ರ ಇವೆ, ಅವುಗಳಲ್ಲಿ ನಾಲ್ಕು ತಪ್ಪಾಗಿವೆ.

ಮೊದಲನೆಯದು ‘120’ ಎಂಬ ಮಾದರಿಯ ರೋಲ್. ನೀವು ಅದನ್ನು 3702 56ಕ್ಕೆ ಹಾಕಿದ್ದೀರಿ, ‘ಅಗಲ 35 ಮಿ.ಮೀ. ಮೀರಿದ್ದು’ ಎಂಬ ಮಾತು ನೋಡಿ. ಆದರೆ ಸುಂಕಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ‘ತೂತಿಲ್ಲದ, 105 ಮಿ.ಮೀ. ಮೀರದ ಅಗಲದ ಫಿಲ್ಮ್’ ಎಂಬ ಗುಂಪು 3702 56ಕ್ಕಿಂತ ಮೊದಲೇ ಬರುತ್ತದೆ. 120 ರೋಲಿನ ಅಗಲ ಸುಮಾರು 6 ಸೆಂ.ಮೀ., ಅಂಚಿನಲ್ಲಿ ತೂತಿಲ್ಲ, ಹಿಂದೆ ಕಾಗದ. ಹಾಗಾಗಿ ಬಣ್ಣದ್ದಾದರೆ 3702 31, ಕಪ್ಪು-ಬಿಳುಪಾದರೆ 3702 32. 3702 56 ಇರುವುದು 35 ಮಿ.ಮೀ.ಗಿಂತ ಅಗಲವಾದ, ತೂತುಳ್ಳ ಬಣ್ಣದ ಫಿಲ್ಮಿಗೆ, 65 ಮಿ.ಮೀ. ಸಿನಿಮಾ ನೆಗೆಟಿವ್ ಅಂಥದ್ದು.

ಎರಡನೆಯದಕ್ಕೆ ಲೇಖನದಲ್ಲಿ ಒಂದು ಇಡೀ ಪ್ಯಾರಾ ಕೊಡಿ, ಏಕೆಂದರೆ ಇಲ್ಲಿ ಎಡವುವವರು ಬಹಳ. ಕ್ಯಾಸೆಟ್‌ಗೆ ತಾವೇ ತುಂಬಿಕೊಳ್ಳುವವರು ತರಿಸುವ 35 ಮಿ.ಮೀ. ಫಿಲ್ಮಿನ 100 ಅಡಿಯ ಡಬ್ಬವನ್ನು ನೀವು ‘30 ಮೀಟರ್ ರೋಲ್’ ಎಂದು ಬರೆದು 3702 96ಕ್ಕೆ ಸೇರಿಸಿದ್ದೀರಿ. 100 ಅಡಿ ಎಂದರೆ 30.48 ಮೀಟರ್. ಸುಂಕಪಟ್ಟಿಯ ಗೆರೆ ಸರಿಯಾಗಿ 30 ಮೀಟರಿಗೆ ಎಳೆದಿದೆ. ಅರ್ಧ ಮೀಟರಿಗೂ ಕಡಿಮೆ ಹೆಚ್ಚುವರಿ ಉದ್ದ ಇಡೀ ಡಬ್ಬವನ್ನು ಗೆರೆಯ ಆಚೆ ತಳ್ಳುತ್ತದೆ: ಕಪ್ಪು-ಬಿಳುಪು 3702 97ಕ್ಕೆ, ಬಣ್ಣದ್ದು 3702 55ಕ್ಕೆ. ಅದೇ ಫಿಲ್ಮನ್ನು ತಯಾರಕರೇ 36 ಚಿತ್ರಗಳ ಕ್ಯಾಸೆಟ್‌ನಲ್ಲಿ ತುಂಬಿ ಕಳಿಸಿದರೆ ಉದ್ದ ಸುಮಾರು 1.6 ಮೀಟರ್, ಆಗ 3702 96 ಅಥವಾ 3702 54. ಒಂದು ಚಿತ್ರಕ್ಕೆ 8 ತೂತು, ಅಂದರೆ 38 ಮಿ.ಮೀ.; 36 ಚಿತ್ರಕ್ಕೆ 1.37 ಮೀಟರ್; ಉಳಿದದ್ದು ಮುಂದಿನ ನಾಲಗೆ ಮತ್ತು ಹಿಂದಿನ ತುದಿ. ಈ ಲೆಕ್ಕವನ್ನು ಲೇಖನದಲ್ಲಿ ಕೊಟ್ಟರೆ ಓದುಗರು ತಮ್ಮ ರೋಲನ್ನು ತಾವೇ ಅಳೆಯಬಲ್ಲರು. 400 ಅಡಿಯ 35 ಮಿ.ಮೀ. ಬಣ್ಣದ ಸಿನಿಮಾ ನೆಗೆಟಿವ್ ತರಿಸಿ ಇಲ್ಲಿ ಕತ್ತರಿಸುವವರ ವಿಷಯದಲ್ಲಿ ಗೊಂದಲವೇ ಇಲ್ಲ. ಅದು 122 ಮೀಟರ್, 3702 55. ಬಂದರಿಗೆ ಬಂದಾಗ ಸರಕು ಹೇಗಿತ್ತೋ ಅದೇ ಲೆಕ್ಕ; ಆಮೇಲೆ ನೀವು ಅದನ್ನು ಎಷ್ಟು ತುಂಡು ಮಾಡುತ್ತೀರಿ ಎಂಬುದಲ್ಲ.

ಮೂರನೆಯದು ನೀವು ಬಳಸಿರುವ 3702 93. ಅದು ಈಗ ಇಲ್ಲ. 2012ರ ಪರಿಷ್ಕರಣೆಯಲ್ಲಿ 93, 94, 95 ಹೋಗಿ 96, 97, 98 ಬಂದವು. ಹಳೆಯ ಪುಸ್ತಕದಿಂದ ಎತ್ತಿಕೊಂಡಿದ್ದೀರಿ ಎಂದು ಕಾಣುತ್ತದೆ. ಹಾಗೆಯೇ ಅಮೆರಿಕದ ಮಾರಾಟಗಾರರ ಬಿಲ್ಲಿನಲ್ಲಿದ್ದ ಹತ್ತು ಅಂಕಿಯ ಸಂಖ್ಯೆಯನ್ನು ಯಥಾವತ್ತಾಗಿ ಇಳಿಸಿದ್ದೀರಿ. ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಕ್ಕೂ ಸಮಾನ. ಅದರಾಚೆ ಅವರದು ಅವರಿಗೆ, ನಮ್ಮದು ನಮಗೆ. ಭಾರತದಲ್ಲಿ ಆಮದುದಾರರು ಸಲ್ಲಿಸುವ ಘೋಷಣಾಪತ್ರವಾದ ಬಿಲ್ ಆಫ್ ಎಂಟ್ರಿಗೆ ಎಂಟು ಅಂಕಿ ಬೇಕು, ಕೊನೆಯ ಎರಡನ್ನು ನಮ್ಮ ಸುಂಕಪಟ್ಟಿಯಲ್ಲೇ ಹುಡುಕಬೇಕು. ಅವರ ಸಂಖ್ಯೆಯ ಬಾಲ ಕತ್ತರಿಸಿ ಎಂಟಕ್ಕೆ ನಿಲ್ಲಿಸಿದರೆ ಸಿಗುವುದು ಯಾವುದೋ ಬೇರೆ ಸರಕು, ಇಲ್ಲವೇ ಏನೂ ಇಲ್ಲ.

ನಾಲ್ಕನೆಯದು ಹಾಳೆ ಫಿಲ್ಮ್. 8×10 ಇಂಚಿನ ಹಾಳೆಯನ್ನು ‘ದೊಡ್ಡದು’ ಎಂದು 3701 30ಕ್ಕೆ ಹಾಕಿದ್ದೀರಿ. ಅಲ್ಲಿನ ಗೆರೆ 255 ಮಿ.ಮೀ. 10 ಇಂಚು ಎಂದರೆ 254. ಒಂದು ಮಿ.ಮೀ. ಒಳಗೇ ಉಳಿಯುತ್ತದೆ! ಹಾಗಾಗಿ ಬಣ್ಣದ್ದು 3701 91, ಇತರೆ 3701 99. 11×14 ಇಂಚಿನದು ಮಾತ್ರ 3701 30ಕ್ಕೆ ಹೋಗುತ್ತದೆ.

ನೀವು ಬಿಟ್ಟುಬಿಟ್ಟಿರುವ ಕೆಲವನ್ನು ಸೇರಿಸಿ. ತಕ್ಷಣ ಚಿತ್ರ ಕೊಡುವ ಇನ್‌ಸ್ಟ್ಯಾಕ್ಸ್ ಪೊಟ್ಟಣ 3701 20. 35 ಮಿ.ಮೀ. ಸ್ಲೈಡ್ ರೋಲ್ 3702 53. ಬಣ್ಣದ ರಾಸಾಯನಿಕದಲ್ಲೇ ತೊಳೆದರೂ ಕಪ್ಪು-ಬಿಳುಪು ಚಿತ್ರ ಕೊಡುವ ಇಲ್‌ಫೋರ್ಡ್ ಎಕ್ಸ್‌ಪಿ2ನಂಥ ಫಿಲ್ಮ್ ಬಣ್ಣದ ಗುಂಪಿಗೆ ಸೇರದು. ಪಟ್ಟಿ ನೋಡುವುದು ಬಹುವರ್ಣ ಛಾಯಾಗ್ರಹಣವನ್ನು, ತೊಳೆಯುವ ವಿಧಾನವನ್ನಲ್ಲ. ಫಿಲ್ಮ್ ತುಂಬಿಯೇ ಬರುವ, ಒಮ್ಮೆ ಬಳಸಿ ಬಿಸಾಡುವ ಕ್ಯಾಮೆರಾ 37ನೇ ಅಧ್ಯಾಯದ್ದೇ ಅಲ್ಲ. ಅದು ಕ್ಯಾಮೆರಾ, 9006. ಹೊರದೇಶದಲ್ಲಿ ಚಿತ್ರ ತೆಗೆದು ತೊಳೆಯಲು ಇಲ್ಲಿಗೆ ಕಳಿಸಿದ ರೋಲ್ 3704. ತೊಳೆದ ಸ್ಟಿಲ್ ನೆಗೆಟಿವ್ 3705, ತೊಳೆದ ಸಿನಿಮಾ ಪ್ರಿಂಟ್ 3706. ಪುಣೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವಾಗ ಈ ಕೊನೆಯದರ ಬಗ್ಗೆ ನಿಮ್ಮ ಲೇಖನ ಒಂದು ಸಾಲೂ ಹೇಳದಿರುವುದು ನಮಗೆ ಕೊರತೆಯಾಗಿ ಕಂಡಿತು.

ತೊಳೆದ ಚಿತ್ರವನ್ನು ನೆಲೆಗೊಳಿಸುವ ಹೈಪೋ ಬಗ್ಗೆಯೂ ಒಂದು ಮಾತು. ಮೂಟೆಯಲ್ಲಿ ಬರುವ ಸೋಡಿಯಂ ಥಯೋಸಲ್ಫೇಟ್ ರಾಸಾಯನಿಕಗಳ 28ನೇ ಅಧ್ಯಾಯಕ್ಕೆ ಸೇರಿದ್ದು. ಅದನ್ನೇ ಅಳತೆ ಮಾಡಿ, ಫೋಟೊ ಬಳಕೆಗೆ ಸಿದ್ಧವಾಗಿ ಪೊಟ್ಟಣ ಕಟ್ಟಿದರೆ 3707 90. ವಸ್ತು ಒಂದೇ, ಕಟ್ಟಿದ ರೀತಿಯಿಂದ ಅಧ್ಯಾಯ ಬದಲಾಯಿತು. ಬೆಳ್ಳಿ ತೆಗೆಯಲು ತರುವ ಹಳೆಯ ಫಿಲ್ಮ್ ರದ್ದಿಯನ್ನು 37ನೇ ಅಧ್ಯಾಯ ತನ್ನ ಮೊದಲ ಟಿಪ್ಪಣಿಯಲ್ಲೇ ಹೊರಗಿಟ್ಟಿದೆ, ಅದು 7112.

ಇನ್ನು ಶೇ. 38. ಮೂಲ ಸುಂಕ ಶೇ. 10, ಸಮಾಜ ಕಲ್ಯಾಣ ಸರ್‌ಚಾರ್ಜ್ ಶೇ. 10, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ. 18 ಎಂದು ಮೂರನ್ನೂ ಕೂಡಿಸಿದ್ದೀರಿ. ಸರ್‌ಚಾರ್ಜ್ ಬೀಳುವುದು ಸರಕಿನ ಬೆಲೆಯ ಮೇಲಲ್ಲ, ಮೂಲ ಸುಂಕದ ಮೇಲೆ. ಐಜಿಎಸ್‌ಟಿ ಬೀಳುವುದು ಬೆಲೆ, ಮೂಲ ಸುಂಕ, ಸರ್‌ಚಾರ್ಜ್ ಮೂರೂ ಕೂಡಿದ ಮೊತ್ತದ ಮೇಲೆ. ನೀವು ಹಿಡಿದ ದರಗಳಲ್ಲೇ ಲೆಕ್ಕ ಹಾಕಿದರೆ ಸುಂಕಕ್ಕೆ ಹಿಡಿಯುವ ಬೆಲೆಯ ಮೇಲೆ ಬರುವುದು ಶೇ. 30.98.

‘ಸುಂಕಕ್ಕೆ ಹಿಡಿಯುವ ಬೆಲೆ’ ಯಾವುದು ಎಂಬಲ್ಲಿಯೂ ತಪ್ಪಿದ್ದೀರಿ. ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ: ಸರಕು 1,00,000 ರೂ., ವಿಮಾನದ ಬಾಡಿಗೆ 32,000 ರೂ. ನೀವು 32,000ವನ್ನೂ ಪೂರ್ತಿ ಸೇರಿಸಿ, ಮೇಲೆ ಶೇ. 1 ಇಳಿಸುವ ಖರ್ಚನ್ನೂ ಹಾಕಿದ್ದೀರಿ. ಆ ಶೇ. 1 ಅನ್ನು 2017ರ ಸೆಪ್ಟೆಂಬರಿನಲ್ಲೇ ತೆಗೆದುಹಾಕಲಾಗಿದೆ. 2007ರ ಮೌಲ್ಯ ನಿರ್ಣಯ ನಿಯಮಗಳ 10ನೇ ನಿಯಮದಂತೆ ವಿಮಾನದಲ್ಲಿ ಬಂದ ಸರಕಿಗೆ ಬಾಡಿಗೆ ಎಷ್ಟೇ ಆಗಿರಲಿ, ಎಫ್‌ಒಬಿ ಬೆಲೆಯ (ಬಾಡಿಗೆ, ವಿಮೆ ಸೇರದ ಸರಕಿನ ಬೆಲೆ) ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಫಿಲ್ಮ್ ಹಗುರ, ಬಿಸಿಲು ತಾಗಬಾರದು, ಹೆಚ್ಚಿನದು ವಿಮಾನದಲ್ಲೇ ಬರುತ್ತದೆ. ಹಾಗಾಗಿ ಈ ನಿಯಮ ನಿಮ್ಮ ಓದುಗರ ಜೇಬಿಗೆ ನೇರ ಸಂಬಂಧಿಸಿದ್ದು. ವಿಮೆಯ ಮೊತ್ತ ತಿಳಿಯದಿದ್ದರೆ ಅದೇ ಬೆಲೆಯ ಶೇ. 1.125. ಈಗ ಲೆಕ್ಕ: 1,00,000 + 20,000 + 1,125 = 1,21,125. ಮೂಲ ಸುಂಕ 12,113, ಸರ್‌ಚಾರ್ಜ್ 1,211, ಐಜಿಎಸ್‌ಟಿ 24,201, ಒಟ್ಟು 37,525 ರೂ. ನಿಮ್ಮ ರೀತಿಯಲ್ಲಿ ಬೆಲೆ ಹಿಡಿದರೆ ಇದಕ್ಕಿಂತ ಸುಮಾರು 4,130 ರೂ. ಹೆಚ್ಚು ಕಟ್ಟಬೇಕಾಗುತ್ತದೆ. ನಿಮ್ಮ ಲೇಖನ ನಂಬಿ ಯಾರಾದರೂ ಹಾಗೆ ಕಟ್ಟಿದರೆ ಆ ಹಣಕ್ಕೆ ನಾವು ಹೊಣೆಯಾಗುತ್ತೇವೆ. ಇದಕ್ಕೇ ನಾವು ಇಷ್ಟು ಕಟ್ಟುನಿಟ್ಟು.

ಇಲ್ಲಿಗೇ ನಿಲ್ಲಿಸಬೇಡಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರಿಗೆ ಆ 24,201 ರೂ. ಇನ್‌ಪುಟ್ ಕ್ರೆಡಿಟ್ ಆಗಿ ತಿರುಗಿ ಸಿಗುತ್ತದೆ, ಬಿಲ್ ಆಫ್ ಎಂಟ್ರಿಯೇ ಅದರ ದಾಖಲೆ. ಅವರಿಗೆ ನಿಜವಾಗಿ ತಗಲುವ ಹೊರೆ 13,324. ನೋಂದಣಿ ಇಲ್ಲದ ಹವ್ಯಾಸಿಗೆ ಪೂರ್ತಿ 37,525. ಒಂದೇ ರೋಲು, ಒಂದೇ ದರ, ಎರಡು ಬೇರೆ ಬೇರೆ ಹೊರೆ. ‘ಬೆಲೆಯಲ್ಲಿ ಇಷ್ಟು ಸುಂಕ’ ಎಂದು ಒಂದೇ ಸಂಖ್ಯೆ ಬರೆದರೆ ಇಬ್ಬರಲ್ಲೊಬ್ಬರಿಗೆ ಸುಳ್ಳು ಹೇಳಿದಂತಾಗುತ್ತದೆ. ಸ್ವಂತ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವ ಪಾರ್ಸೆಲ್ಲಿಗೆ 9804 ಎಂಬ ಬೇರೆಯೇ ಶೀರ್ಷಿಕೆಯಿದೆ, ಅದಕ್ಕೆ ಬೇರೆ ದರ. ಪ್ರಯಾಣಿಕರ ಚೀಲದಲ್ಲಿ ಬಂದರೆ 9803. ಹವ್ಯಾಸಿಯ ಚೀಟಿಯಲ್ಲಿ 3702ರ ಬದಲು 9804 ಕಂಡರೆ ಅದು ಅಧಿಕಾರಿಯ ಮನಬಂದ ನಿರ್ಧಾರವಲ್ಲ.

ದರಗಳನ್ನು ಪ್ರಕಟಣೆಯ ವಾರದಲ್ಲಿ ಮತ್ತೆ ನೋಡಿ. ಪಟ್ಟಿಯಲ್ಲಿ ಅಚ್ಚಾದ ದರ ಒಂದು, ಅಧಿಸೂಚನೆಯಿಂದ ಇಳಿದ ದರ ಇನ್ನೊಂದು ಇರಬಹುದು. ಲೇಖನದ ಕೊನೆಯಲ್ಲಿ ಸಿವಿಡಿ, ಎಸ್‌ಎಡಿ ಎಂಬ ಹಳೆಯ ಹೆಚ್ಚುವರಿ ಸುಂಕಗಳನ್ನೂ ಶಿಕ್ಷಣ ಸೆಸ್ಸನ್ನೂ ಬರೆದಿದ್ದೀರಿ. ಫಿಲ್ಮಿನ ಮಟ್ಟಿಗೆ ಮೊದಲೆರಡು 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಹೋದವು. ಸೆಸ್‌ನ ಜಾಗಕ್ಕೆ 2018ರಲ್ಲಿ ಸರ್‌ಚಾರ್ಜ್ ಬಂತು. ಆ ಪ್ಯಾರಾ ತೆಗೆಯಿರಿ.

ಊಟಿಯ ಮಾತು. ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಯಿತು, ಅದರ ‘ಇಂದು’ ಫಿಲ್ಮ್ ನಮ್ಮ ಹಿರಿಯ ಛಾಯಾಗ್ರಾಹಕರ ಕೈಯಲ್ಲಿ ಓಡಾಡಿದೆ. ಈಗ ಅಲ್ಲಿ ಫಿಲ್ಮ್ ತಯಾರಾಗುವುದಿಲ್ಲ. ಆ ಕಾರ್ಖಾನೆಯನ್ನು ಕಾಯಲು ಸುಂಕವಿದೆ ಎಂದು ವರ್ತಮಾನಕಾಲದಲ್ಲಿ ಬರೆಯುವಂತಿಲ್ಲ. ಕಾಯಬೇಕಾದ ಉದ್ಯಮ ಇಲ್ಲದಾಗ ಸುಂಕ ಯಾಕೆ ಉಳಿಯಬೇಕು ಎಂದು ಕೇಳಿದ್ದರೆ ಅದು ಗಟ್ಟಿ ವಾದವಾಗುತ್ತಿತ್ತು. ಹಾಗೆ ತಿರುಗಿಸಿ ಬರೆಯಿರಿ, ನಾವು ನಿಮ್ಮ ಬೆನ್ನಿಗಿರುತ್ತೇವೆ.

ಕೆಲಸದ ಭಾಗ ಲೇಖನದಲ್ಲಿ ಬಹಳ ತೆಳುವಾಗಿದೆ. ತಪ್ಪು ಹೆಚ್ಚಾಗಿ ಹುಟ್ಟುವುದು ಮುಂಬೈ ವಿಮಾನ ನಿಲ್ದಾಣದ ಸಹಾರ್‌ನ ಏರ್ ಕಾರ್ಗೋದಲ್ಲಲ್ಲ, ಮಾರಾಟಗಾರರ ಬಿಲ್ಲಿನಲ್ಲಿ. ‘ಫೋಟೊ ಸಾಮಗ್ರಿ’ ಎಂದು ಬರೆದ ಬಿಲ್ಲು ಬಂದರೆ ಸಿಎಚ್‌ಎ (ಆಮದುದಾರರ ಪರವಾಗಿ ಸುಂಕದ ಕಾಗದ ಸಲ್ಲಿಸುವ ಏಜೆಂಟ್) ಊಹೆ ಮಾಡುತ್ತಾನೆ, ಊಹೆ ಕ್ಯಾಮೆರಾದ ಬಿಡಿಭಾಗಕ್ಕೂ ಹೋಗಬಹುದು. ಬಿಲ್ಲಿನ ಸಾಲು ಹೀಗಿರಬೇಕು: ‘ಕಪ್ಪು-ಬಿಳುಪು ನೆಗೆಟಿವ್ ಫಿಲ್ಮ್, ಬೆಳಕು ಕಾಣದ್ದು, ತೂತುಳ್ಳದ್ದು, ಅಗಲ 35 ಮಿ.ಮೀ., ಪ್ರತಿ ರೋಲ್ 1.6 ಮೀ., 100 ರೋಲ್, ತಯಾರಾದ ದೇಶ ಬ್ರಿಟನ್’. ತಯಾರಾದ ದೇಶ ಮತ್ತು ಕಳಿಸಿದ ದೇಶ ಒಂದೇ ಆಗಬೇಕಿಲ್ಲ. ಜಪಾನಿನ ಫಿಲ್ಮ್ ಸಿಂಗಾಪುರದ ಅಂಗಡಿಯಿಂದ ಬಂದ ಮಾತ್ರಕ್ಕೆ ಸಿಂಗಾಪುರದ್ದಾಗದು. ದೇಶಗಳ ನಡುವಿನ ವ್ಯಾಪಾರ ಒಪ್ಪಂದದ ರಿಯಾಯಿತಿ ಕೇಳುವುದಾದರೆ ಮೂಲದ ಪ್ರಮಾಣಪತ್ರ ಕೈಯಲ್ಲಿರಬೇಕು, ಇಂಥ ರಿಯಾಯಿತಿಗೆಂದೇ ಇರುವ 2020ರ ಕಾರೋಟಾರ್ ನಿಯಮಗಳಂತೆ ಆಮದುದಾರರೇ ಮೂಲದ ವಿವರ ಇಟ್ಟುಕೊಂಡಿರಬೇಕು.

2011ರಿಂದ ಸ್ವಯಂ ನಿರ್ಧಾರ ಪದ್ಧತಿಯಿದೆ. ಸಂಖ್ಯೆ ಹಾಕುವವರು ಆಮದುದಾರರು, ಅಧಿಕಾರಿ ಅದನ್ನು ಪರಿಶೀಲಿಸುವವರು. ಈ ಒಂದು ಸಂಗತಿ ಸಾಕು, ನಿಮ್ಮ ಮೂರನೆಯ ಆರೋಪ ಸಡಿಲವಾಗುತ್ತದೆ. ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂ. ಹತ್ತು ರೋಲಿನ ಬೆಲೆಯನ್ನೇ ಮೀರುವ ದಂಡ ಇದು, ಇದನ್ನು ದಪ್ಪಕ್ಷರದಲ್ಲಿ ಹಾಕೋಣ. ಸಂಖ್ಯೆಯ ಬಗ್ಗೆ ನಿಜವಾದ ಅನುಮಾನ ಇದ್ದು, ಪದೇ ಪದೇ ತರಿಸುವವರಾದರೆ ಸರಕು ತರಿಸುವ ಮೊದಲೇ ಮುಂಗಡ ತೀರ್ಪು ಕೇಳಬಹುದು. ಅದನ್ನು ಕೊಡುವ ಪ್ರಾಧಿಕಾರ ಮುಂಬೈಯ ಬಲ್ಲಾರ್ಡ್ ಎಸ್ಟೇಟಿನ ನ್ಯೂ ಕಸ್ಟಮ್ ಹೌಸ್‌ನಲ್ಲಿದೆ, ಶುಲ್ಕ 10,000 ರೂ. ಆದರೆ ತೀರ್ಪು ಅರ್ಜಿ ಹಾಕಿದವರಿಗೆ ಮತ್ತು ಅವರ ವಿಷಯದಲ್ಲಿ ಇಲಾಖೆಗೆ ಮಾತ್ರ ಅನ್ವಯ. ನೀವು ಬೇರೆ ಆಮದುದಾರರ ತೀರ್ಪನ್ನು ಕಾನೂನೆಂದೇ ಉದ್ಧರಿಸಿದ್ದೀರಿ. ಅದು ದಾರಿ ತೋರಿಸಬಹುದು, ಕಟ್ಟಿಹಾಕಲಾರದು.

ಪರೀಕ್ಷೆಯ ಬಗ್ಗೆ ನೀವು ಏನೂ ಬರೆದಿಲ್ಲ. ಹಾಳೆ ಫಿಲ್ಮಿನ ಡಬ್ಬವನ್ನು ಬೆಳಕಿನಲ್ಲಿ ತೆರೆದರೆ ಸರಕು ಅಲ್ಲೇ ಸತ್ತಿತು. 35 ಮಿ.ಮೀ. ಕ್ಯಾಸೆಟ್ ಮುಚ್ಚಿರುವವರೆಗೆ ತೊಂದರೆಯಿಲ್ಲ. ಪೆಟ್ಟಿಗೆಯ ಮೇಲೆ ‘ಬೆಳಕು ತಾಗಬಾರದು, ಎಕ್ಸ್-ರೇ ಬೇಡ’ ಎಂಬ ಚೀಟಿ ಇರಲಿ. ತಯಾರಕರ ವಿವರಪತ್ರವನ್ನು ಕಾಗದಗಳ ಜೊತೆಗೇ ಕೊಟ್ಟರೆ ಎಷ್ಟೋ ಸಲ ಒಳಪೊಟ್ಟಣ ತೆರೆಯುವ ಅಗತ್ಯವೇ ಬೀಳದು. ಸಿ.ಟಿ. ಯಂತ್ರ ಸಾಮಾನ್ಯ ಎಕ್ಸ್-ರೇಗಿಂತ ಹೆಚ್ಚು ಹಾನಿ ಮಾಡುತ್ತದೆ, ಐಎಸ್‌ಒ ವೇಗ ಹೆಚ್ಚಿದ್ದಷ್ಟೂ ಫಿಲ್ಮ್ ಬೇಗ ಮಸುಕಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ, ಮಳೆಗಾಲದ ತೇವದಲ್ಲಿ ಸರಕು ಗೋದಾಮಿನಲ್ಲಿ ಕುಳಿತಷ್ಟೂ ನಷ್ಟ. ಕಾಗದ ಮೊದಲೇ ಸಿದ್ಧವಿರಬೇಕೆಂಬುದಕ್ಕೆ ಫಿಲ್ಮಿನ ವಿಷಯದಲ್ಲಿ ದಂಡಕ್ಕಿಂತ ದೊಡ್ಡ ಕಾರಣ ಇದೇ.

ಭಾಷೆ ಚೆನ್ನಾಗಿದೆ. ‘ಕತ್ತಲಕೋಣೆಯ ಕೆಂಪು ದೀಪ’ದ ವರ್ಣನೆ ಮೂರು ಪ್ಯಾರಾ ಇದೆ, ಒಂದಕ್ಕೆ ಇಳಿಸಿ, ಉಳಿದ ಜಾಗ ಲೆಕ್ಕಕ್ಕೆ ಕೊಡಿ. ‘ಉತ್ಸರ್ಜಿತ ಪಟಲ’ದಂಥ ಪದ ಬೇಡ, ಸ್ಟುಡಿಯೋದವರು ರೋಲ್, ರೀಲು, ನೆಗೆಟಿವ್ ಎನ್ನುತ್ತಾರೆ, ನೀವೂ ಹಾಗೇ ಬರೆಯಿರಿ. ಜೊತೆಗೆ ಕಳಿಸಿದ ಫೋಟೊದಲ್ಲಿರುವುದು 120 ರೋಲ್, ಅಡಿಬರಹ ಮಾತ್ರ ‘35 ಮಿ.ಮೀ.’ ಎನ್ನುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಮಿಲಿಮೀಟರ್ ಗೆರೆಗಳು ಓದುವಂತೆ ಹೊಸ ಫೋಟೊ ತೆಗೆದು ಕಳಿಸಿ.

ವಿಶ್ವಾಸದಿಂದ,
ಸಂಪಾದಕ ಬಳಗ, ಮುಂಬೈ