‘ಮಗಳಿಗೂ ಇದನ್ನು ದಾಟಿಸಿಬಿಟ್ಟೆನಾ?’

ನನ್ನ ಬಳಿ ಸಲಹೆಗೆ ಬಂದ ಹೆಂಗಸಿಗೆ 41 ವರ್ಷ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೊಟ್ಟೆ, ತೊಡೆಯ ಮೇಲೆ ತುಕ್ಕುಬಣ್ಣದ ಚುಕ್ಕೆಗಳು ವರ್ಷಗಳಿಂದ ಇದ್ದವು. ಉಜ್ಜಿದರೆ ಉಬ್ಬಿ ತುರಿಸುತ್ತಿದ್ದವು. ಒಂದು ದಿನ ಕಣಜ ಕಚ್ಚಿ ಎಚ್ಚರ ತಪ್ಪಿ ಬಿದ್ದರು. ಆಮೇಲೆ ಚರ್ಮದ ಬಯಾಪ್ಸಿ ಆಯಿತು, ಮಾಸ್ಟೋಸೈಟೋಸಿಸ್ ಅಂತ ಗೊತ್ತಾಯಿತು: ಅಲರ್ಜಿ ಕೆರಳಿಸುವ ಮಾಸ್ಟ್ ಜೀವಕಣಗಳು ಅತಿಯಾಗಿ ಸೇರಿಕೊಳ್ಳುವ ಕಾಯಿಲೆ. ಆ ಕಣಗಳು ಬಿಡುವ ಟ್ರಿಪ್ಟೇಸ್ ಎಂಬ ಪ್ರೋಟೀನ್ ರಕ್ತದಲ್ಲಿ 26 ಇತ್ತು, ಮಾಮೂಲಿಗಿಂತ ಜಾಸ್ತಿ.

ಕೈಯಲ್ಲಿ ಇನ್ನೊಂದು ರಿಪೋರ್ಟ್. ರಕ್ತದಲ್ಲಿ ಹಲವು ಜೀನ್ ಒಟ್ಟಿಗೆ ನೋಡುವ ಜೀನ್ ಪ್ಯಾನೆಲ್: ಮಾಸ್ಟ್ ಕಣಗಳ ಬೆಳವಣಿಗೆ ನಿಯಂತ್ರಿಸುವ ಕಿಟ್ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ) ಕಂಡಿಲ್ಲ. ಗಂಡ ಅದನ್ನು ಓದಿ, "ಏನೂ ಇಲ್ವಲ್ಲ, ಮಜ್ಜೆ ಪರೀಕ್ಷೆಗೆ ಅಂತ ಮೂಳೆಗೆ ಸೂಜಿ ಯಾಕೆ?" ಅಂದಿದ್ದರು. ಇವರಿಗೆ ‘ಜೀನ್’ ಎಂಬ ಪದವೊಂದೇ ಕಂಡಿತ್ತು. ಒಂಬತ್ತು ವರ್ಷದ ಮಗಳ ಬೆನ್ನಿನಲ್ಲಿ ದಿನಾ ಚುಕ್ಕೆ ಹುಡುಕುತ್ತಿದ್ದರು.

ಮಗಳ ವಿಷಯ ಇತ್ಯರ್ಥವಾಗದೆ ಇವರ ಕಿವಿಗೆ ಬೇರೇನೂ ಬೀಳುವುದಿಲ್ಲ ಅನ್ನಿಸಿತು. ಹೇಳಿದೆ: "ನೋಡಿ, ದೊಡ್ಡವರಲ್ಲಿ ದೇಹದೊಳಗೆ ಹರಡಿದ ಈ ಕಾಯಿಲೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನರಿಗೆ ಕಿಟ್ ಜೀನ್‌ನಲ್ಲಿ ಡಿ816ವಿ ಅನ್ನೋ ಒಂದೇ ಬದಲಾವಣೆ ಇರುತ್ತದೆ. ಅದು ಹುಟ್ಟಿನಿಂದ ಬಂದದ್ದಲ್ಲ. ನಡುವೆ ಎಂದೋ ಮೂಳೆ ಮಜ್ಜೆಯ ಒಂದು ಜೀವಕಣದಲ್ಲಿ ಆದದ್ದು, ಆ ಕಣದ ಸಂತಾನದಲ್ಲಿ ಮಾತ್ರ ಉಳಿದದ್ದು. ಅಂಡಾಣುವಿನಲ್ಲಿ ಇಲ್ಲದ್ದು ಮಗುವಿಗೆ ಹೋಗುವುದು ಹೇಗೆ?" ಅವರು ಅತ್ತರು. ನಾನು ಸುಮ್ನೆ ಕೂತೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಸತ್ಯವಾಗುತ್ತಿತ್ತು. ಟ್ರಿಪ್ಟೇಸ್ ಏರಲು ಇನ್ನೊಂದು ಕಾರಣವೂ ಇದೆ: ಆಲ್ಫಾ ಟ್ರಿಪ್ಟೇಸ್ ಜೀನ್‌ನ ಹೆಚ್ಚುವರಿ ಪ್ರತಿಗಳು. ಇದು ಮನೆತನದಲ್ಲಿ ಬರುತ್ತದೆ. ಎಷ್ಟೋ ಜನರಿಗೆ ಇದ್ದರೂ ತೊಂದರೆ ಕೊಡುವುದಿಲ್ಲ, ಮಾಸ್ಟೋಸೈಟೋಸಿಸ್ ಜೊತೆಗೂ ಇರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ. ಮಗಳಿಗೆ ಯಾವ ತೊಂದರೆಯೂ ಇಲ್ಲದಿರುವಾಗ ಅವಳಿಗೆ ಪರೀಕ್ಷೆ ಬೇಡ, ಮೊದಲು ನಿಮಗೆ ಮಾಡಿಸಿ ನೋಡೋಣ ಎಂದೆ.

ಇನ್ನು ಗಂಡನ ಪ್ರಶ್ನೆ. ಅದು ಪೆದ್ದು ಪ್ರಶ್ನೆಯೇನೂ ಅಲ್ಲ. ಮ್ಯುಟೇಶನ್ ಇರುವ ಕಣಗಳು ರಕ್ತದಲ್ಲಿ ತೀರಾ ಕಡಿಮೆ ಇರಬಹುದು, ಸಾಮಾನ್ಯ ಪ್ಯಾನೆಲ್ ಅಷ್ಟು ಚಿಕ್ಕದನ್ನು ಬಿಟ್ಟುಬಿಡುತ್ತದೆ. ಡ್ರಾಪ್‌ಲೆಟ್ ಡಿಜಿಟಲ್ ಪಿಸಿಆರ್‌ನಂಥ ಸೂಕ್ಷ್ಮ ವಿಧಾನ ಬೇಕು, ಮಜ್ಜೆಯ ಮಾದರಿ ಇದ್ದರೆ ಇನ್ನೂ ಒಳ್ಳೆಯದು. ‘ಕಂಡಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ. ಈ ರಿಪೋರ್ಟ್‌ಗಳಲ್ಲಿ ಎಷ್ಟು ಸಣ್ಣ ಪ್ರಮಾಣದವರೆಗೆ ಹಿಡಿಯಬಲ್ಲದು ಎಂಬ ಮಿತಿಯನ್ನು ದೊಡ್ಡಕ್ಷರದಲ್ಲಿ ಯಾಕೆ ಬರೆಯುವುದಿಲ್ಲವೋ!

ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಗಳ ತಜ್ಞರು) ಬಳಿ ಕೇಳಲು ಮೂರು ಪ್ರಶ್ನೆ ಬರೆಸಿದೆ. ಈ ಪರೀಕ್ಷೆ ಯಾವ ವಿಧಾನದ್ದು, ಎಷ್ಟು ಕಡಿಮೆವರೆಗೆ ಹಿಡಿಯುತ್ತದೆ? ಮಜ್ಜೆಯಲ್ಲಿ ಮತ್ತೆ ನೋಡುತ್ತೀರಾ? ಫಲಿತಾಂಶದಿಂದ ಔಷಧಿ ಬದಲಾಗುತ್ತದಾ? ಕೊನೆಯದಕ್ಕೆ ಉತ್ತರ ಹೌದು. ಡಿ816ವಿ ಇದ್ದರೆ ಇಮಾಟಿನಿಬ್ ಎಂಬ ಔಷಧಿ ಕೆಲಸ ಮಾಡುವುದಿಲ್ಲ. ಅವಾಪ್ರಿಟಿನಿಬ್ ಅದನ್ನೇ ಗುರಿಯಾಗಿಟ್ಟುಕೊಂಡದ್ದು. ರಿಪೋರ್ಟ್ ಏನೇ ಬರಲಿ, ಕಣಜ ಕಚ್ಚಿದಾಗ ಆದಂಥ ತೀವ್ರ ಅಲರ್ಜಿಯಾದರೆ ತಕ್ಷಣ ಚುಚ್ಚಿಕೊಳ್ಳಲು ಎರಡು ಅಡ್ರಿನಲಿನ್ ಪೆನ್ ಯಾವಾಗಲೂ ಜೊತೆಗಿರಲಿ ಎಂದೂ ಹೇಳಿದೆ. ಮ್ಯುಟೇಶನ್ ಗಲಾಟೆಯಲ್ಲಿ ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಆರು ವಾರದ ಮೇಲೆ ಗಂಡನೂ ಬಂದರು. ಮಜ್ಜೆಯಲ್ಲಿ ಡಿ816ವಿ ಸಿಕ್ಕಿತ್ತು, ತುಂಬಾ ಕಡಿಮೆ ಪ್ರಮಾಣದಲ್ಲಿ. ಕಾಯಿಲೆ ನಿಧಾನಗತಿಯದು. ಆಲ್ಫಾ ಟ್ರಿಪ್ಟೇಸ್ ಪ್ರತಿಗಳು ಮಾಮೂಲಿಯಷ್ಟೇ. "ಹಾಗಾದ್ರೆ ಮಗಳಿಗೆ ಏನೂ ಮಾಡಿಸೋದು ಬೇಡ, ಅಲ್ವಾ?" ಎಂದು ತಾಯಿಯೇ ಕೇಳಿದರು. ಬೇಡ ಎಂದೆ. ಪೆನ್ ಚುಚ್ಚುವುದು ಹೇಗೆಂದು ಗಂಡ ಕಿತ್ತಳೆ ಹಣ್ಣಿನ ಮೇಲೆ ಕಲಿತಿದ್ದರಂತೆ.