ತುಶಿಲ್‌ಗೆ ಉಕ್ರೇನಿನ ಎಂಜಿನ್ ಬಂದದ್ದು ಹೇಗೆ?

ಅಂಕೋಲಾದ ಓದುಗರೊಬ್ಬರು ಬರೆದಿದ್ದಾರೆ: "ಕಾರವಾರಕ್ಕೆ ಬಂದಿರುವ ಯುದ್ಧನೌಕೆ ಐಎನ್‌ಎಸ್ ತುಶಿಲ್ ರಷ್ಯಾದಲ್ಲಿ ಕಟ್ಟಿದ್ದು, ಎಂಜಿನ್ ಮಾತ್ರ ಉಕ್ರೇನಿನದು ಎಂದು ಬರೆದಿದ್ದೀರಿ. ಬಡಿದಾಡುತ್ತಿರುವ ಎರಡು ದೇಶಗಳ ನಡುವೆ ಇದು ಹೇಗೆ ಸಾಧ್ಯವಾಯಿತು? ರಷ್ಯಾದ್ದೇ ಎಂಜಿನ್ ಕೂರಿಸಬಹುದಿತ್ತಲ್ಲ? ಗೋವಾದಲ್ಲಿ ಕಟ್ಟುತ್ತಿರುವ ಹಡಗುಗಳ ಗತಿ ಏನು? ಇದೇ ಬಗೆಯ ಹಳೆಯ ತಲ್ವಾರ್ ಹಡಗುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಹೊರಗಿನಿಂದ ನೋಡಿದರೆ ತಿಳಿಯುತ್ತದೆಯೇ?"

ನಾಲ್ಕೂ ಒಳ್ಳೆಯ ಪ್ರಶ್ನೆಗಳು. ಮೊದಲು ದಿನಾಂಕಗಳನ್ನು ನೋಡೋಣ. ತುಶಿಲ್‌ನ ಒಡಲನ್ನು ಭಾರತಕ್ಕೆಂದು ಕಟ್ಟಲು ತೊಡಗಿದ್ದಲ್ಲ. 2013ರಲ್ಲಿ ಕಲಿನಿನ್‌ಗ್ರಾದ್‌ನ ಯಂತರ್ ಹಡಗುಕಟ್ಟೆಯಲ್ಲಿ ರಷ್ಯಾ ತನ್ನ ನೌಕಾಪಡೆಗಾಗಿಯೇ ಇದನ್ನು ಆರಂಭಿಸಿತ್ತು. ಆಗ ಇದರ ಹೆಸರು ಅದ್ಮಿರಾಲ್ ಬುತಾಕೋವ್. ಇಂಥ ಆರು ಹಡಗುಗಳು ಬೇಕಿದ್ದವು, ಮೂರಕ್ಕೆ ಎಂಜಿನ್ ಸಿಕ್ಕಿತು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡ ಮೇಲೆ ಉಕ್ರೇನ್ ಪೂರೈಕೆ ನಿಲ್ಲಿಸಿತು. ಉಳಿದ ಮೂರು ಒಡಲುಗಳು ಎಂಜಿನ್ನಿಲ್ಲದೆ ನಿಂತುಬಿಟ್ಟವು. ಅವುಗಳಲ್ಲಿ ಎರಡನ್ನು (ಈಗಿನ ತುಶಿಲ್, ತಮಾಲ್) ಭಾರತ ಕೊಂಡಿತು. 2016ರಲ್ಲಿ ಸರ್ಕಾರಗಳ ಮಟ್ಟದ ಒಪ್ಪಂದ, 2018ರಲ್ಲಿ ಖರೀದಿ ಕರಾರು. ಎಂಜಿನ್‌ಗಳನ್ನು, ಅಂದರೆ ಗ್ಯಾಸ್ ಟರ್ಬೈನ್‌ಗಳನ್ನು, ಉಕ್ರೇನಿನ ಮಿಕೊಲಾಯಿವ್ ನಗರದ ಜೋರ್ಯಾ-ಮಶ್‌ಪ್ರೊಯೆಕ್ಟ್ ಕಂಪನಿಯಿಂದ ಭಾರತವೇ ಕೊಂಡು ಯಂತರ್‌ಗೆ ಒಪ್ಪಿಸಿತು. ಕಾಗದದ ಮೇಲೆ ಉಕ್ರೇನ್ ಮಾರಿದ್ದು ಭಾರತಕ್ಕೆ, ರಷ್ಯಾಕ್ಕಲ್ಲ. ತುಶಿಲ್ ಎಂಬ ಹೊಸ ಹೆಸರಿನಲ್ಲಿ ಹಡಗು ನೀರಿಗಿಳಿದದ್ದು 2021ರ ಅಕ್ಟೋಬರ್‌ನಲ್ಲಿ. ಪೂರ್ಣ ಪ್ರಮಾಣದ ಯುದ್ಧ ಶುರುವಾದದ್ದು 2022ರ ಫೆಬ್ರವರಿಯಲ್ಲಿ. ಕೆಲವೇ ತಿಂಗಳು ತಡವಾಗಿದ್ದರೂ ಇಡೀ ಯೋಜನೆ ಎಲ್ಲಿಗೆ ಮುಟ್ಟುತ್ತಿತ್ತೋ.

ಬೇರೆ ಎಂಜಿನ್ ಯಾಕೆ ಹಾಕಲಿಲ್ಲ ಎಂಬುದಕ್ಕೆ ಉತ್ತರ ಹಡಗಿನ ಹೊಟ್ಟೆಯೊಳಗಿದೆ. ಈ ವರ್ಗದ ಹಡಗುಗಳಲ್ಲಿ ನಾಲ್ಕು ಗ್ಯಾಸ್ ಟರ್ಬೈನ್‌ಗಳಿರುತ್ತವೆ. ಎರಡು ಚಿಕ್ಕವು (ಡಿಎಸ್-71, ತಲಾ ಸುಮಾರು 9,000 ಅಶ್ವಶಕ್ತಿ), ಎರಡು ದೊಡ್ಡವು (ಡಿಟಿ-59, ತಲಾ ಸುಮಾರು 19,500). ದೊಡ್ಡ ಟರ್ಬೈನನ್ನು ಕಡಿಮೆ ಹೊರೆಯಲ್ಲಿ ಓಡಿಸಿದರೆ ಇಂಧನವನ್ನು ಸುಮ್ಮನೆ ಕುಡಿಯುತ್ತದೆ. ಅದಕ್ಕಾಗಿ ದಿನನಿತ್ಯದ ಗಸ್ತಿಗೆ ಚಿಕ್ಕವು, 30 ನಾಟ್ ವೇಗ ಬೇಕಾದಾಗ ನಾಲ್ಕೂ. ಇನ್ನೂ ಒಂದು ಅನುಕೂಲ ಇದೆ: ನಡುವಿನ ಒಂದು ಸಹಾಯಕ ಗೇರ್‌ಬಾಕ್ಸ್ ಮೂಲಕ ಒಂದೇ ಚಿಕ್ಕ ಟರ್ಬೈನ್ ಎರಡೂ ಪ್ರೊಪೆಲ್ಲರ್ ದಂಡಗಳನ್ನು ತಿರುಗಿಸಬಲ್ಲದು. ಹಿಮ್ಮುಖ ಚಲನೆಯೂ ಟರ್ಬೈನ್‌ನೊಳಗೇ ಇದೆ. ಅದಕ್ಕೆ ಬೇಕಾದ ಅಲಗುಗಳನ್ನು ಅಲ್ಲೇ ಜೋಡಿಸಿರುತ್ತಾರೆ.

ಟರ್ಬೈನು, ಗೇರ್‌ಬಾಕ್ಸು, ದಂಡ ಮೂರೂ ಒಂದೇ ಲೆಕ್ಕಾಚಾರದಲ್ಲಿ ಹುಟ್ಟಿದವು ಎನ್ನುವುದು ಇದರಿಂದ ಗೊತ್ತಾಗುತ್ತದೆ. ಬೇರೆ ಟರ್ಬೈನ್ ತಂದರೆ ಅದರ ತಿರುಗು ವೇಗ ಬೇರೆ, ಹಾಗಾಗಿ ಗೇರ್‌ಬಾಕ್ಸ್ ಬದಲಾಗಬೇಕು. ತೂಕ ಬೇರೆ, ಅಡಿಪಾಯದ ಉಕ್ಕನ್ನು ಕತ್ತರಿಸಿ ಹೊಸದಾಗಿ ಕಟ್ಟಬೇಕು. ಸದ್ದು ನೀರಿಗೆ ದಾಟದಂತೆ ಕೆಳಗೆ ಹಾಕಿದ ಮೆತ್ತೆಗಳನ್ನು ಹೊಸ ಕಂಪನಕ್ಕೆ ಹೊಂದಿಸಬೇಕು, ಇಲ್ಲವಾದರೆ ಜಲಾಂತರ್ಗಾಮಿಯ ಕಿವಿಗೆ ಹಡಗು ದೂರದಿಂದಲೇ ಕೇಳಿಸುತ್ತದೆ. ಡೆಕ್ಕುಗಳನ್ನು ಸೀಳಿಕೊಂಡು ಮೇಲೆ ಹೋಗುವ ಗಾಳಿಯ ಕೊಳವೆ, ಹೊಗೆಯ ಕೊಳವೆಗಳ ಅಳತೆಯೂ ಬದಲು. ದಂಡದ ನೇರ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಬಿಸಿಯಾಗುತ್ತದೆ, ಗೇರಿನ ಹಲ್ಲು ಒಂದೇ ಪಕ್ಕದಲ್ಲಿ ಸವೆಯುತ್ತದೆ. ಸಿದ್ಧ ಒಡಲಿನಲ್ಲಿ ಇಷ್ಟೆಲ್ಲ ಮಾಡುವುದೆಂದರೆ ಹೆಚ್ಚುಕಡಿಮೆ ಹೊಸ ಹಡಗನ್ನೇ ಕಟ್ಟಿದಂತೆ. ರಷ್ಯಾ ಆ ದಾರಿ ಹಿಡಿಯಲಿಲ್ಲ, ಒಡಲುಗಳನ್ನೇ ಮಾರಿತು.

ಉಳಿದ ಭಾಗಗಳಲ್ಲಿ ಇಷ್ಟು ಕಷ್ಟವಿಲ್ಲ. ತುಶಿಲ್‌ನಲ್ಲಿ ಭಾರತೀಯ ಮೂಲದ ವ್ಯವಸ್ಥೆಗಳು 33, ದೇಶೀಯ ಪಾಲು 26% ಎಂದು ರಕ್ಷಣಾ ಸಚಿವಾಲಯ ಹೇಳಿದೆ. ನೀರೊಳಗಿನ ಶಬ್ದ ಹಿಡಿಯುವ ಹಂಸ ಸೋನಾರ್ ನಮ್ಮ ಬೆಂಗಳೂರಿನ ಬಿಇಎಲ್‌ನದು. ಎಂಟು ಬ್ರಹ್ಮೋಸ್ ಕ್ಷಿಪಣಿಗಳು ಭಾರತ-ರಷ್ಯಾ ಜಂಟಿ ಕಂಪನಿಯವು. ಆದರೂ 26 ಎಂಬ ಅಂಕಿಯನ್ನು ನೋಡಿ ಹಿಗ್ಗುವ ಮುನ್ನ ಯಾವ ಭಾಗ ನಮ್ಮದಲ್ಲ ಎಂದು ಕೇಳಬೇಕು. ರೇಡಾರ್ ಹಾಳಾದರೂ ಹಡಗು ಬಂದರಿಗೆ ಮರಳುತ್ತದೆ. ಟರ್ಬೈನ್‌ಗೆ ಬಿಡಿಭಾಗ ಸಿಗದಿದ್ದರೆ ಬಂದರು ಬಿಟ್ಟು ಹೊರಡುವುದೇ ಇಲ್ಲ.

ಗೋವಾ ಶಿಪ್‌ಯಾರ್ಡ್‌ನ ತ್ರಿಪುಟ್ (2024ರ ಜುಲೈನಲ್ಲಿ ನೀರಿಗಿಳಿದದ್ದು) ಮತ್ತು ತವಸ್ಯ (2025ರ ಮಾರ್ಚ್) ಹಡಗುಗಳಲ್ಲಿ ಕಟ್ಟುವ ಕೈಗಳು ನಮ್ಮವು. ವಿನ್ಯಾಸ ಸೇಂಟ್ ಪೀಟರ್ಸ್‌ಬರ್ಗ್‌ನ ಸೆವೆರ್ನೊಯೆ ಸಂಸ್ಥೆಯದು, ಟರ್ಬೈನ್ ಅದೇ ಮಿಕೊಲಾಯಿವ್‌ನದು. ತಲ್ವಾರ್ ಬಗೆಯ ಹಳೆಯ ಆರು, ತುಶಿಲ್ ಮತ್ತು ತಮಾಲ್ ಜೊತೆ ಇವೆರಡೂ ಸೇರಿದರೆ ಒಂದೇ ಬಗೆಯ ಹಡಗುಗಳು ಹತ್ತಾಗುತ್ತವೆ, ಅಂದರೆ ನಲವತ್ತು ಟರ್ಬೈನ್. ಸಿಬ್ಬಂದಿಯ ತರಬೇತಿ ಒಂದೇ, ಉಗ್ರಾಣ ಒಂದೇ. ನೌಕಾಪಡೆ ಈ ಹಳೆಯ ವಿನ್ಯಾಸವನ್ನೇ ಮತ್ತೆ ಆರಿಸಿದ್ದಕ್ಕೆ ಇದು ಗಟ್ಟಿ ಕಾರಣ ಎಂದು ನಾವು ನಂಬುತ್ತೇವೆ. ಅದೇ ಹೊತ್ತಿಗೆ, ಹತ್ತೂ ಹಡಗುಗಳ ಉಸಿರು ದಾಳಿಗೆ ತುತ್ತಾಗುತ್ತಿರುವ ಒಂದು ನಗರಕ್ಕೆ ಕಟ್ಟಿಕೊಂಡಿದೆ. ಟರ್ಬೈನ್‌ಗಳ ಓವರ್‌ಹಾಲ್, ಅಲಗುಗಳ ತಯಾರಿಕೆ ಇಲ್ಲೇ ಆಗಬೇಕು. ಇದು ಇನ್ನೊಂದು ಹಡಗು ಕೊಳ್ಳುವುದಕ್ಕಿಂತ ತುರ್ತಿನ ಕೆಲಸ. ಭಾರತ್ ಫೋರ್ಜ್ ಬಳಗ 2024ರಲ್ಲಿ ಜೋರ್ಯಾದ ಭಾರತೀಯ ಘಟಕದಲ್ಲಿ 51% ಪಾಲು ಕೊಳ್ಳಲು ಒಪ್ಪಂದ ಮಾಡಿಕೊಂಡದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ.

ಇನ್ನು ತಲ್ವಾರ್, ತುಶಿಲ್‌ಗಳ ವ್ಯತ್ಯಾಸ ಗುರುತು ಹಿಡಿಯುವುದು ಸುಲಭ. ಮುಂಭಾಗದ 100 ಮಿ.ಮೀ. ಫಿರಂಗಿಯ ಹಿಂದೆ ನೋಡಿ. ತಲ್ವಾರ್, ತ್ರಿಶೂಲ್, ತಬರ್, ತೇಗ್, ತರ್ಕಶ್, ತ್ರಿಕಂಡ್ ಆರರಲ್ಲೂ ಅಲ್ಲಿ ಒಂದು ಉಕ್ಕಿನ ತೋಳು ಕಾಣುತ್ತದೆ. ವಿಮಾನ ನಿರೋಧಕ ಶ್ತಿಲ್ ಕ್ಷಿಪಣಿಯನ್ನು ಕೆಳಗಿನಿಂದ ಎತ್ತಿ ಗುರಿಗೆ ತಿರುಗಿಸುವ ತೋಳು ಅದು. ಒಂದು ಹಾರಿಸಿ ಇನ್ನೊಂದಕ್ಕೆ ಸಿದ್ಧವಾಗಲು ಸುಮಾರು 12 ಸೆಕೆಂಡ್ ಬೇಕು, ತೋಳು ಸಿಕ್ಕಿಕೊಂಡರೆ ಕೆಳಗಿರುವ 24 ಕ್ಷಿಪಣಿಗಳೂ ನಿರುಪಯೋಗಿ. ತುಶಿಲ್, ತಮಾಲ್‌ಗಳಲ್ಲಿ ತೋಳಿಲ್ಲ, ಡೆಕ್ಕಿನಲ್ಲಿ 24 ಚಪ್ಪಟೆ ಮುಚ್ಚಳಗಳಿವೆ. ಕ್ಷಿಪಣಿ ನೇರ ಮೇಲಕ್ಕೆ ಚಿಮ್ಮಿ ಆಮೇಲೆ ತಿರುಗುತ್ತದೆ, ಎರಡು ಸೆಕೆಂಡಿನ ಅಂತರದಲ್ಲಿ ಮುಂದಿನದು ಹೊರಡುತ್ತದೆ. ಒಂದು ಮುಚ್ಚಳ ತೆರೆಯದಿದ್ದರೆ ಉಳಿದ 23 ಇರುತ್ತವೆ.