ಪ್ರತಿಜ್ಞೆ ಹೇಳದ ಹುಡುಗಿಯನ್ನು ಏನು ಮಾಡಬೇಕು?

ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಮಗಳ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ, ಮನೆಯವರ ನಂಬಿಕೆಯ ಕಾರಣಕ್ಕೆ, ಬೆಳಗಿನ ಪ್ರಾರ್ಥನೆಯಲ್ಲಿ 'ಭಾರತ ನನ್ನ ದೇಶ' ಎಂಬ ಪ್ರತಿಜ್ಞೆ ಹೇಳುವುದಿಲ್ಲ. ಸುಮ್ಮನೆ ನಿಂತಿರುತ್ತಾಳೆ. ಮೇಷ್ಟ್ರು ಅವಳನ್ನು ಒಂದು ಪಿರಿಯಡ್ ಬಿಸಿಲಲ್ಲಿ ನಿಲ್ಲಿಸಿದರಂತೆ. ದೇಶನಿಷ್ಠೆ ಕಲಿಸುವುದು ತಪ್ಪೇ? ಹೇಳದವರನ್ನು ಹಾಗೇ ಬಿಟ್ಟುಬಿಡಬೇಕೇ?"

ಸಂಪಾದಕರ ಉತ್ತರ: ಕಲಿಸುವುದು ತಪ್ಪಲ್ಲ, ಬಿಸಿಲಲ್ಲಿ ನಿಲ್ಲಿಸಿದ್ದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಆ ಹುಡುಗಿಯ ಪೋಷಕರು ಮೊದಲು ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಲಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಲಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಗಮನಕ್ಕೂ ತರಬಹುದು. ಅಲ್ಲಿ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ. ಬಾಯಿಮಾತಿನ ದೂರು ಸಾಮಾನ್ಯವಾಗಿ ಬಾಯಲ್ಲೇ ಮುಗಿದುಹೋಗುತ್ತದೆ.

ಇನ್ನು ಹೇಳದಿರುವ ಹಕ್ಕು. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆ ಅವರನ್ನು ಹೊರಹಾಕಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ಗೌರವದಿಂದ ನಿಂತ ಮೇಲೆ ಹಾಡದಿರುವುದು ಅವಮಾನವಲ್ಲ ಎಂದು ಹೇಳಿ ಮಕ್ಕಳನ್ನು ವಾಪಸು ಸೇರಿಸಿಕೊಳ್ಳಲು ಆದೇಶಿಸಿತು. ಆ ತೀರ್ಪು ರಾಷ್ಟ್ರಗೀತೆಯದು, ಪ್ರತಿಜ್ಞೆಯದಲ್ಲ, ನಿಜ. ಆದರೆ ಸಂವಿಧಾನದ 51ಎ ವಿಧಿಯಲ್ಲಿ ಧ್ವಜಕ್ಕೂ ರಾಷ್ಟ್ರಗೀತೆಗೂ ಹೆಸರು ಹಿಡಿದು ಗೌರವ ಕೋರಿದೆ, ಪ್ರತಿಜ್ಞೆಯ ಮಾತೇ ಇಲ್ಲ. ರಾಷ್ಟ್ರಗೀತೆಗೇ ಇರುವ ಸಡಿಲ ಪ್ರತಿಜ್ಞೆಗೆ ಇರಬಾರದೆಂದರೆ ಹೇಗೆ?

ಈ ಪ್ರತಿಜ್ಞೆ ಬಂದ ದಾರಿ ನಮ್ಮ ಗಡಿ ತಾಲ್ಲೂಕುಗಳಿಗೆ ಹತ್ತಿರದ್ದು. ಬರೆದವರು ನಲ್ಗೊಂಡ ಜಿಲ್ಲೆಯ ಪೈಡಿಮರ್ರಿ ವೆಂಕಟ ಸುಬ್ಬರಾವ್, ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ, 1962ರಲ್ಲಿ, ತೆಲುಗಿನಲ್ಲಿ. 1964ರಲ್ಲಿ ಬೆಂಗಳೂರಿನಲ್ಲಿ ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಅದನ್ನು ಒಪ್ಪಿತು, 1965ರ ಜನವರಿ 26ರಿಂದ ದೇಶದ ಶಾಲೆಗಳಿಗೆ ಬಂತು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗಾಡುವ ಎಷ್ಟೋ ಮಕ್ಕಳು ಕನ್ನಡದಲ್ಲಿ ತಿಣುಕುತ್ತಾ ಹೇಳುವ ಈ ಮಾತು ಮೂಲದಲ್ಲಿ ಅವರ ಮನೆಮಾತಿನದೇ!

ಪ್ರತಿಜ್ಞೆಯಲ್ಲಿರುವುದು ಏಳೇ ವಾಕ್ಯ. ಅದರಲ್ಲಿ ನಿಷ್ಠೆಯದು ಒಂದೇ, ಆರನೆಯದು. ಅದೂ ದೇಶದ ಜತೆಗೆ ದೇಶದ ಜನಕ್ಕೆ. ಸರ್ಕಾರದ ಹೆಸರಿಲ್ಲ, ದೇವರ ಹೆಸರಿಲ್ಲ. ಅಮೆರಿಕದ ಶಾಲೆಗಳ ಪ್ರತಿಜ್ಞೆ ನೇರವಾಗಿ ಬಾವುಟಕ್ಕೆ. ಅದಕ್ಕೆ 1954ರಲ್ಲಿ ದೇವರನ್ನೂ ಸೇರಿಸಿದರು. ಅಲ್ಲಿ ಕೂಡ ಮಕ್ಕಳನ್ನು ಬಲವಂತ ಮಾಡುವಂತಿಲ್ಲ ಎಂದು 1943ರಲ್ಲೇ, ಯುದ್ಧದ ನಡುವೆ, ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮದರ ಐದನೇ ವಾಕ್ಯ ಹಿರಿಯರಿಗೆ ಗೌರವ, ಎಲ್ಲರೊಡನೆ ಸೌಜನ್ಯ ಎನ್ನುತ್ತದೆ. ಅದನ್ನು ಹೇಳಿಸಿದ ಹತ್ತು ನಿಮಿಷಕ್ಕೆ ಒಂದು ಹುಡುಗಿಯನ್ನು ಬಿಸಿಲಿಗೆ ನಿಲ್ಲಿಸಿದರೆ ಮಿಕ್ಕ ಮಕ್ಕಳು ಕಲಿಯುವುದು ಯಾವುದನ್ನು?

ಇಷ್ಟಾಗಿ, ಹೇಳುವ ಮಕ್ಕಳಾದರೂ ಏನು ಹೇಳುತ್ತಿದ್ದಾರೆ ಎಂದು ಒಮ್ಮೆ ಮುಂದಿನ ಸಾಲಿನ ಪಕ್ಕ ನಿಂತು ಕೇಳಿ. ಕಟ್ಟೆಯ ಮೇಲಿನ ಹುಡುಗ ಒಂದೇ ಉಸಿರಿಗೆ ಹತ್ತು ಪದ ಎಸೆಯುತ್ತಾನೆ, ಒಂದನೇ ಎರಡನೇ ತರಗತಿಯವರ ಕೈಗೆ ಸಿಗುವುದು ಬಾಲ ಮಾತ್ರ: "...ತ್ತೇನೆ". "ಸಂಪದ್ಭರಿತ" ಎನ್ನುವುದು "ಸಂಪತ್ತು ಬರುತ್ತೆ" ಆಗಿಬಿಡುತ್ತದೆ. ಮೂರನೇ ವಾಕ್ಯಕ್ಕೆ ಚಾಚಿದ ಕೈ ಸೋತು ಮುಂದಿನವನ ಹೆಗಲ ಮೇಲೆ ಕೂರುತ್ತದೆ, ಅಲ್ಲಿಂದ ಜಗಳ. ಇದಕ್ಕೆ ಮದ್ದು ಸುಲಭ. ಹೇಳಿಕೊಡುವವರು ಮೂರು ನಾಲ್ಕು ಪದಕ್ಕೊಮ್ಮೆ ನಿಲ್ಲಿಸಲಿ. ಸಾಲಿನಲ್ಲಿ ಒಂದು ಕೈಯಳತೆ ಜಾಗ ಬಿಡಿಸಲಿ. ವಾರಕ್ಕೊಂದು ವಾಕ್ಯ ಹಿಡಿದು, ತರಗತಿಯೊಳಗೆ, ಮಕ್ಕಳ ಮನೆಮಾತಿನಲ್ಲೇ ಅರ್ಥ ಬಿಡಿಸಲಿ: ತೆಲುಗು, ಉರ್ದು, ಕೆಜಿಎಫ್ ಕಡೆಯಾದರೆ ತಮಿಳು. ಏಳು ವಾರಕ್ಕೆ ಮುಗಿಯಿತು. "ಪರಂಪರೆ ಅಂದರೇನು?" ಎಂದು ಯಾವುದಾದರೂ ಮಗು ಕೇಳಿದರೆ ಆ ದಿನದ ಪಾಠ ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ.

ಆ ಹುಡುಗಿ ತನ್ನ ಸಾಲಿನಲ್ಲೇ, ತನ್ನ ಎತ್ತರದ ಜಾಗದಲ್ಲೇ ನಿಲ್ಲಲಿ. ಹೆಸರು ಹಿಡಿದು ಕರೆಯುವುದು, ಕೊನೆಯ ಸಾಲಿಗೆ ಕಳಿಸುವುದು ಬೇಡ. ಗದ್ದಲ ಮಾಡಿದರೆ ಯಾವ ಮಗುವಿಗೂ ಹೇಳುವಂತೆ ಅವಳಿಗೂ ಹೇಳಿ.